ಸೊಸೆ ಹೊತ್ತ ಸೈನಿಕನ ಹೊರೆ



ಕಳೆದ ಮಾಘಮಾಸದಲ್ಲಿ ಮುತ್ತತ್ತಿಗೆ ಹೋಗಿಬರುವ ಸಂದರ್ಭವೊಂದು ಒದಗಿಬಂದಿತು. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಸಮೀಪದ ಗ್ರಾಮವೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆತನವೊಂದುಂಟು. ಆ ಮನೆಯವರು ಮೊಮ್ಮಗುವಿನ ಮುಡಿ ತೆಗೆಸುವ ಹರಕೆಯನ್ನು ತೀರಿಸಲೆಂದು ನೆಂಟರಿಷ್ಟರೊಡನೆ ಹೊರಟಿದ್ದರು. "ಬುದ್ಧಿ, ತಾವೂ ಬರಬೇಕು, ಕೂಸಿನ ತಲೆಯ ಮೇಲೆ ಕೈಯಿಟ್ಟು ಎರಡು ಒಳ್ಳೆಯ ಮಾತು ಹೇಳಬೇಕು" ಎಂದು ಮನೆಯ ಹಿರಿಯರು ಕೇಳಿಕೊಂಡಾಗ ಇಲ್ಲವೆನ್ನಲಾಗಲಿಲ್ಲ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ, ಅದರ ಜೊತೆಗೆ ನನ್ನಿಂದಲೇ ಆದ ಒಂದು ತಪ್ಪನ್ನೂ ಈ ತಿಂಗಳ ಅಂಕಣದಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮುತ್ತತ್ತಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಹಲಗೂರನ್ನು ದಾಟಿ ಕಾಡಿನ ಹಾದಿಯಲ್ಲಿ ಇಳಿದುಹೋದರೆ, ಬೆಟ್ಟಗಳ ನಡುವೆ ಬಂಡೆಗಳನ್ನು ಬಳಸಿಕೊಂಡು ಹರಿಯುವ ಕಾವೇರಿ ಎದುರಾಗುತ್ತಾಳೆ. ಸುತ್ತಲಿನದು ೧೯೮೭ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅರಣ್ಯ. ದಡದಲ್ಲಿ ಆಂಜನೇಯನ ಗುಡಿ. ವನವಾಸಕಾಲದಲ್ಲಿ ಸೀತಾದೇವಿ ಇಲ್ಲಿ ಮೀಯುತ್ತಿದ್ದಾಗ ಆಕೆಯ ಮೂಗುತಿಯ ಮುತ್ತು ಮಡುವಿಗೆ ಬಿದ್ದಿತೆಂದೂ, ಹನುಮಂತನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ ಸ್ಥಳಪುರಾಣ ಹೇಳುತ್ತದೆ. ಮುತ್ತೆತ್ತಿದ ರಾಯನೇ ಮುತ್ತೆತ್ತರಾಯ. ವರನಟ ಡಾ. ರಾಜಕುಮಾರರಿಗೆ ತಾಯಿತಂದೆಗಳು ಮುತ್ತುರಾಜ ಎಂದು ಹೆಸರಿಟ್ಟದ್ದು ಈ ದೇವರ ಮೇಲಿನ ಭಕ್ತಿಯಿಂದಲೇ. ಹೊರನೋಟಕ್ಕೆ ನೀರು ಶಾಂತವಾಗಿ ಕಂಡರೂ ಬಂಡೆಗಳ ಸಂದಿಯಲ್ಲಿ ಸುಳಿಗಳಿವೆ. ಈಜು ಬಲ್ಲೆವೆಂದು ಇಳಿದ ಎಷ್ಟೋ ಮಂದಿ ತರುಣರು ಇಲ್ಲಿ ಮರಳಿ ಮೇಲೇಳಲಿಲ್ಲ. ಆದಕಾರಣ ನಮ್ಮ ಹಿರಿಯರು ಮಕ್ಕಳನ್ನೆಲ್ಲ ನೀರಿನಿಂದ ದೂರವಿರಿಸಿ, ಮರಳ ಮೇಲೆ ಮರದ ನೆರಳಿನಲ್ಲಿ ಜಮಖಾನ ಹಾಸಿದರು.

ಆ ಹಿರಿಯರು ದಂಡಿನಲ್ಲಿ ೨೪ ವರ್ಷ ದುಡಿದು ೨೦೧೨ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮಗನೂ ಸೈನ್ಯದಲ್ಲಿಯೇ ಇದ್ದಾನೆ. ಉತ್ತರದ ಗಡಿಯ ಕಡೆಗೆ ಅವನ ಪಾಳೆಯ. ಮಗುವಿನ ಮುಡಿಗೂ ಅವನಿಗೆ ರಜೆ ದೊರೆತಿರಲಿಲ್ಲ. ಸೊಸೆ ಪದವೀಧರೆ, ಮಿತಭಾಷಿಣಿ. ಮದುವೆಯಾಗಿ ಮೂರು ವರ್ಷಗಳಲ್ಲಿ ಗಂಡನೊಡನೆ ಒಂದೇ ಸೂರಿನಡಿ ಕಳೆದ ದಿನಗಳನ್ನು ಕೂಡಿಸಿದರೆ ಎಂಟು ತಿಂಗಳಾದೀತೋ ಇಲ್ಲವೋ.

ಹವಾಲ್ದಾರರ ಜೊತೆಗೆ ಅವರ ತಂಗಿಯ ಮಕ್ಕಳಿಬ್ಬರು ಬಂದಿದ್ದರು. ಸೈನ್ಯದ ಭರ್ತಿಗೆ ಹೋಗಬೇಕೆಂಬ ಹಂಬಲದ ಹುಡುಗರು. ಅಲ್ಲಿ ೧.೬ ಕಿಲೋಮೀಟರ್ ದೂರವನ್ನು ನಿಗದಿತ ನಿಮಿಷಗಳಲ್ಲಿ ಓಡಿ ಮುಗಿಸಬೇಕು, ಒಂಬತ್ತು ಅಡಿಯ ಹಳ್ಳವನ್ನು ಜಿಗಿಯಬೇಕು, ಅಡ್ಡಕಂಬಿಗೆ ಜೋತು ಗಲ್ಲವನ್ನು ಕಂಬಿಯ ಮೇಲಕ್ಕೆ ತರಬೇಕು. ಅದು ಬರಿಯ ಬಾಗಿಲು. ಒಳಹೊಕ್ಕ ಮೇಲೆ ಬಂದೂಕು ಮತ್ತು ಹೊರೆಯ ಸಮೇತ ಐದು ಕಿಲೋಮೀಟರ್ ಓಟ, ಹಗ್ಗ ಹತ್ತುವುದು ಮುಂತಾದ ಪರೀಕ್ಷೆಗಳು ಸೇವೆಯಲ್ಲಿರುವವರೆಗೂ ತಪ್ಪುವುದಿಲ್ಲ. "ಮರಳಲ್ಲಿ ಓಡಿದವನು ನೆಲದಲ್ಲಿ ಹಾರುತ್ತಾನೆ" ಎಂದು ಹೇಳುತ್ತ ಹವಾಲ್ದಾರರು ಆ ಹುಡುಗರನ್ನು ದಡದ ಮರಳಿನಲ್ಲಿ ಓಡಿಸತೊಡಗಿದರು.

ಸೊಸೆ ಅದನ್ನೇ ನೋಡುತ್ತ ನಿಂತಿದ್ದಳು. ಮಗುವನ್ನು ಅತ್ತೆಯ ಮಡಿಲಿಗಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಮಾವ, ಇವತ್ತೊಂದು ದಿನ ನಂಗೂ ಮಾಡಿಸಿ. ನಿಮ್ಮ ಮಗ ಅಲ್ಲಿ ಏನ್ ಮಾಡ್ತಾರೆ ಅಂತ ನಾನೂ ತಿಳ್ಕೋಬೇಕು" ಎಂದಳು.

ಅತ್ತೆಗೆ ಇದು ಸರಿಬರಲಿಲ್ಲ. "ಸುಮ್ನಿರವ್ವ, ಕಂಡೋರು ನಗ್ತಾರೆ. ಹೆಣ್ಮಕ್ಳಿಗ್ಯಾಕೆ ದಂಡಿನ ಉಸಾಬರಿ?" ಎಂದರು. ಹವಾಲ್ದಾರರು ನನ್ನ ಮುಖ ನೋಡಿದರು. "ಕೇಳುವವಳು ಕಲಿಯಲೆಂದು ಕೇಳುತ್ತಿದ್ದಾಳೆ. ಕೂಸಿನ ತಾಯಿ, ಕಾಲು ಉಳುಕದಂತೆ ನೋಡಿಕೊಳ್ಳಿ" ಎಂದೆ.

ಅಡುಗೆಗೆಂದು ತಂದಿದ್ದ ಅಕ್ಕಿಯ ಚೀಲವನ್ನು ಬರಿದುಮಾಡಿ, ಅಂದಾಜು ೧೫ ಕಿಲೋ ಮರಳು ತುಂಬಿ, ಪಂಚೆಯಿಂದ ಆಕೆಯ ಬೆನ್ನಿಗೆ ಬಿಗಿದರು. ಸೈನಿಕರು ಬೆನ್ನಿನ ಹೊರೆಯನ್ನು ಪಿಟ್ಠು ಎನ್ನುತ್ತಾರಂತೆ. ನಿಜವಾದ ಪಿಟ್ಠು ಇದಕ್ಕಿಂತ ಭಾರ. ಇನ್ಸಾಸ್ ಎಂಬ ಬಂದೂಕು ಸುಮಾರು ನಾಲ್ಕು ಕಿಲೋ ತೂಗುವುದರಿಂದ, ಅಷ್ಟೇ ತೂಕದ ಒಣಗಿದ ಕೊಂಬೆಯೊಂದನ್ನು ಹುಡುಕಿ ಕೈಗಿತ್ತರು. ಅರ್ಧ ಗಂಟೆ ಮರಳಿನಲ್ಲಿ ನಡೆಸಿದರು. ಮೊದಲ ಹತ್ತು ನಿಮಿಷ ನಗು, ಹುಡುಗರ ಚೇಷ್ಟೆ. ಆಮೇಲೆ ನಗು ನಿಂತಿತು. ಹೆಜ್ಜೆಗೊಮ್ಮೆ ಪಾದ ಹೂತು, ಪಂಚೆಯ ಗಂಟು ಹೆಗಲನ್ನು ಕೊರೆಯತೊಡಗಿದರೂ ಆಕೆ ಹೊರೆಯನ್ನು ಇಳಿಸಲಿಲ್ಲ.

ಅನಂತರ ನಡೆದದ್ದು ನಡಿಗೆಗಿಂತ ಕಠಿಣವಾದುದು. ಬಂಡೆಯೊಂದರ ಮರೆಯಲ್ಲಿ ಬೋರಲಾಗಿ ಮಲಗಿಸಿ, "ಒಂದು ಗಂಟೆ ಅಲ್ಲಾಡಬಾರದು. ಎದುರು ದಡದಲ್ಲಿ ಯಾರು ಬಂದರು, ಯಾರು ಹೋದರು, ಎಲ್ಲ ಲೆಕ್ಕ ಒಪ್ಪಿಸಬೇಕು" ಎಂದರು. ಬಿಸಿಲು ಏರಿತು. ಇರುವೆ ಹರಿದವು. ಅತ್ತ ಮಗು ಅತ್ತಿತು. ಆಕೆ ತಲೆಯೆತ್ತಿದಳು, ಮಾವ ಕಣ್ಣಿನಿಂದಲೇ ಗದರಿದರು, ಮತ್ತೆ ತಲೆ ತಗ್ಗಿಸಿದಳು. ಗಂಟೆ ಕಳೆದ ಮೇಲೆ ಎದ್ದು ಕುಳಿತು, "ಏಳು ಜನ ಬಂದ್ರು ಮಾವ, ಐದು ಜನ ಹೋದ್ರು, ಒಂದು ಹರಿಗೋಲು ಕೆಳಕ್ಕೆ ಹೋಯ್ತು" ಎಂದು ಲೆಕ್ಕ ಒಪ್ಪಿಸಿದಳು.

"ಎಂಟು. ಕೆಂಪು ಟವೆಲ್ಲಿನವನು ಬಿದಿರುಮೆಳೆ ಹಿಂದೆ ಕೂತಿದ್ದ. ನೀನು ಮಗು ಕಡೆ ತಿರುಗಿದಾಗ ಬಂದವನು."

"ಒಬ್ನೇ ತಾನೆ ಮಾವ?"

"ಆ ಒಬ್ಬನೇ ಸಾಕು ಕಣವ್ವ" ಎಂದರು ಹವಾಲ್ದಾರರು.

ಅವರು ಗದರಿಸಿ ಹೇಳಿದ ಮಾತಲ್ಲ ಅದು. ಆದರೂ ಅಲ್ಲಿದ್ದವರೆಲ್ಲ ಕ್ಷಣಕಾಲ ಮೌನವಾದೆವು. ಸ್ವಲ್ಪ ಹೊತ್ತಿನ ಮೇಲೆ ಆ ಹೆಣ್ಣುಮಗಳು ನನ್ನತ್ತ ತಿರುಗಿ ಹೇಳಿದಳು: "ಬುದ್ಧಿ, ಅವರು ರಾತ್ರಿ ಫೋನ್ ಮಾಡ್ತಾರೆ. 'ಊಟ ಆಯ್ತಾ? ಮಗು ಮಲಗ್ತಾ?' ಅಂತ ಕೇಳಿ ಎರಡು ನಿಮಿಷಕ್ಕೆ ಇಟ್ಟುಬಿಡ್ತಾರೆ. ನನ್ನ ಮೇಲೆ ಅಕ್ಕರೆಯೇ ಇಲ್ಲ ಅಂತ ಎಷ್ಟೋ ದಿನ ಕಣ್ಣೀರು ಹಾಕಿದ್ದೀನಿ. ಒಂದು ಗಂಟೆ ಇಲ್ಲಿ ಮಲಗಿ ಎದ್ದಾಗ ನಂಗೂ ಮಾತೇ ಬೇಡ ಅನ್ನಿಸ್ತು. ಅವರದು ದಿನಕ್ಕೆ ಎಷ್ಟು ಗಂಟೆಯೋ."

ಈ ವೃತ್ತಾಂತದಲ್ಲಿ ಹೊಸತೇನೂ ಇಲ್ಲವೆಂದು ಕೆಲವರಿಗೆ ತೋರಬಹುದು. ಅಮೆರಿಕದ ನೌಕಾಪದಾತಿ ದಳದವರಲ್ಲಿ ಇದೊಂದು ರೂಢಿಯೇ ಆಗಿದೆ. ಅಲ್ಲಿಯ ಪಡೆಗಳು ಸೈನಿಕರ ಮಡದಿಯರನ್ನು ಒಂದು ದಿನ ಶಿಬಿರಕ್ಕೆ ಕರೆಸಿ, ಅಡೆತಡೆಗಳ ಓಟ ಓಡಿಸಿ, ಕೈಕೈ ಕಾಳಗದ ಪಟ್ಟುಗಳನ್ನು ಕಲಿಸಿ, ಗುರಿಯಿಟ್ಟು ಗುಂಡು ಹಾರಿಸಲು ಹೇಳಿಕೊಟ್ಟು, ಯುದ್ಧಭೂಮಿಯಲ್ಲಿ ಸೈನಿಕರು ತಿನ್ನುವ ಪೊಟ್ಟಣದ ಆಹಾರವನ್ನೇ ಉಣಬಡಿಸುತ್ತವೆ. ಜಾನ್ ವೇಯ್ನ್ ಎಂಬ ಪ್ರಸಿದ್ಧ ಚಲನಚಿತ್ರ ನಟನ ಹೆಸರನ್ನು ಸ್ತ್ರೀಲಿಂಗಕ್ಕೆ ತಿರುಗಿಸಿ ಅದನ್ನು 'ಜೇನ್ ವೇಯ್ನ್ ದಿನ' ಎಂದು ಕರೆಯುತ್ತಾರೆ. ವಿನೋದವೂ ಅದರಲ್ಲಿದೆ, ವಿವೇಕವೂ ಇದೆ. ಸಂಜೆ ಮೈಕೈ ನೋವಿನಿಂದ ಮನೆಗೆ ಮರಳುವ ಹೆಂಡತಿಗೆ, ಗಂಡನು ಬಾಗಿಲಲ್ಲಿ ಬೂಟು ಬಿಚ್ಚುವಾಗ ಏಕೆ ಮಾತಾಡುವುದಿಲ್ಲವೆಂಬುದು ಯಾರೂ ಹೇಳದೆಯೇ ತಿಳಿದಿರುತ್ತದೆ.

ನಮ್ಮ ನಾಡಿಗೂ ಇದು ಹೊರಗಿನದಲ್ಲ. ಚಿತ್ರದುರ್ಗದ ಓಬವ್ವ ಯಾರು? ಕೋಟೆಯ ಕಾವಲುಗಾರನೊಬ್ಬನ ಹೆಂಡತಿ. ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರು ತರಲು ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳು. ಅವಳ ತೋಳಿನ ಬಲವನ್ನು ನಾವೆಲ್ಲ ಕೊಂಡಾಡುತ್ತೇವೆ. ಆ ಕಿಂಡಿ ಎಲ್ಲಿದೆ, ಅದರಿಂದ ಒದಗುವ ಅಪಾಯವೇನು, ಗಂಡನ ಕಾವಲು ಒಂದು ಗಳಿಗೆ ತಪ್ಪಿದರೆ ಕೋಟೆಗೆ ಏನಾಗುತ್ತದೆ ಎಂಬ ಅರಿವೂ ಅವಳಲ್ಲಿತ್ತೆಂಬುದನ್ನು ನಾವು ಗಮನಿಸುವುದಿಲ್ಲ. ಗಂಡನ ಕಾಯಕದ ಪರಿಚಯವೇ ಇಲ್ಲದವಳಾಗಿದ್ದರೆ ಅವಳು ಕೊಡ ಬಿಸುಟು ಓಡಿಹೋಗುತ್ತಿದ್ದಳು. ಹದಿನೇಳನೆಯ ಶತಮಾನದಲ್ಲಿ ಬೆಳವಡಿಯ ಮಲ್ಲಮ್ಮ ಹೆಣ್ಣುಮಕ್ಕಳ ಪಡೆಯನ್ನೇ ಕಟ್ಟಿದಳೆಂದು ಹೆಮ್ಮೆಯಿಂದ ಹೇಳುತ್ತೇವೆ. ೧೮೨೪ರ ಕಿತ್ತೂರಿನ ಕದನವನ್ನು ಮಕ್ಕಳಿಂದ ನಾಟಕವಾಡಿಸುತ್ತೇವೆ. ಅದೇ ನಮ್ಮ ಮನೆಯ ಸೊಸೆ ಒಂದು ಗಳಿಗೆ ಹೊರೆ ಹೊತ್ತು ನೋಡುತ್ತೇನೆಂದರೆ "ಕಂಡವರು ನಗುತ್ತಾರೆ" ಎನ್ನುತ್ತೇವೆ. ಇದೆಂತಹ ನ್ಯಾಯ?

ಒಂದು ದಿನದ ಹೊರೆಯಿಂದ ಯಾರೂ ಯೋಧರಾಗುವುದಿಲ್ಲ, ನಿಜ. ಸೈನಿಕ ವೃತ್ತಿಯನ್ನೇ ಕೈಗೊಳ್ಳುವ ಹೆಣ್ಣುಮಕ್ಕಳಿಗೆ ಈಗ ಬೇರೆ ದಾರಿಗಳು ತೆರೆದಿವೆ. ನಮ್ಮ ಬೆಂಗಳೂರಿನಲ್ಲಿಯೇ ಇರುವ ಸೇನಾ ಪೊಲೀಸ್ ದಳದ ತರಬೇತಿ ಕೇಂದ್ರದಲ್ಲಿ ೬೧ ವಾರಗಳ ಶಿಕ್ಷಣ ಮುಗಿಸಿದ ೮೩ ಮಂದಿ ತರುಣಿಯರ ಮೊದಲ ತಂಡ ೨೦೨೧ರ ಮೇ ೮ರಂದು ಸೈನ್ಯವನ್ನು ಸೇರಿತು. ಮಡದಿಯಾಗಿದ್ದು ಯೋಧಳಾದವರೂ ಇದ್ದಾರೆ. ೨೦೧೫ರ ನವೆಂಬರಿನಲ್ಲಿ ಕಾಶ್ಮೀರದ ಕುಪ್ವಾರಾದಲ್ಲಿ ಉಗ್ರರೊಡನೆ ಹೋರಾಡಿ ಮಡಿದ ಕರ್ನಲ್ ಸಂತೋಷ್ ಮಹಾಡಿಕ್ ಅವರ ಪತ್ನಿ ಸ್ವಾತಿ ಮಹಾಡಿಕ್ ಇಬ್ಬರು ಮಕ್ಕಳ ತಾಯಿ. ಚೆನ್ನೈನ ಅಧಿಕಾರಿಗಳ ತರಬೇತಿ ಸಂಸ್ಥೆಯಲ್ಲಿ ಸುಮಾರು ಹನ್ನೊಂದು ತಿಂಗಳು ತಮಗಿಂತ ಎಷ್ಟೋ ಕಿರಿಯರೊಡನೆ ಓಡಿ, ತೆವಳಿ, ಹೊರೆ ಹೊತ್ತು, ೨೦೧೭ರ ಸೆಪ್ಟೆಂಬರಿನಲ್ಲಿ ಲೆಫ್ಟಿನೆಂಟ್ ಆದರು. ೨೦೧೯ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ಮಡಿದ ಮೇಜರ್ ವಿಭೂತಿ ಶಂಕರ್ ಧೌಂಡಿಯಾಲ್ ಅವರ ಪತ್ನಿ ನಿಕಿತಾ ಕೌಲ್ ೨೦೨೧ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯಿಂದ ಸಮವಸ್ತ್ರ ಧರಿಸಿ ಹೊರಬಂದರು. ಇವರೆಲ್ಲ ವಂದನೀಯರು. ಆದರೆ ನಾನು ಇಂದು ಹೇಳಹೊರಟಿರುವುದು, ಸಮವಸ್ತ್ರವನ್ನು ಎಂದೂ ಧರಿಸದೆ, ಸೈನಿಕನ ಮನೆಯನ್ನು ನಡೆಸಿಕೊಂಡು ಹೋಗುವ ಸಾವಿರಾರು ಹೆಣ್ಣುಮಕ್ಕಳ ಮಾತನ್ನು.

ಮುತ್ತತ್ತಿಯ ಮರಳಿಗೆ ಮರಳೋಣ. ಸೊಸೆಯ ಮಾತು ಕೇಳಿದ ಅತ್ತೆ ಮಗುವಿನ ಬೋಳುತಲೆಗೆ ಗಂಧ ಹಚ್ಚುತ್ತ ಕುಳಿತಿದ್ದವರು, ಇದ್ದಕ್ಕಿದ್ದಂತೆ ಗಂಡನತ್ತ ತಿರುಗಿ, "ಅವಳಿಗೇನೋ ಒಂದು ದಿನ ನಿಮ್ಮ ದಂಡು ತೋರಿಸಿದ್ರಿ. ನಂದು ಒಂದು ದಿನ ನೀವು ನೋಡಿದ್ದೀರಾ?" ಎಂದರು.

೧೯೯೯ರ ಬೇಸಗೆ ಅದು. ಹವಾಲ್ದಾರರು ಕಾರ್ಗಿಲ್ ಯುದ್ಧಕ್ಕೆ ಸಂಬಂಧಿಸಿ ದ್ರಾಸ್ ಕಡೆಗೆ ಹೋಗಿದ್ದರು. ಊರಿನಲ್ಲಿ ದೂರವಾಣಿ ಇದ್ದದ್ದು ಒಂದೇ ಮನೆಯಲ್ಲಿ. ಪತ್ರದ ಮೇಲೆ ಬರೆಯುವ ವಿಳಾಸವೆಂದರೆ ೫೬ ಎ.ಪಿ.ಒ. ಎಂಬ ಸೇನಾ ಅಂಚೆಯ ಗುರುತು ಮಾತ್ರ. ಗಂಡ ಹಿಮದಲ್ಲಿದ್ದಾನೋ ಮರುಭೂಮಿಯಲ್ಲಿದ್ದಾನೋ ಆ ವಿಳಾಸದಿಂದ ಹೆಂಡತಿಗೆ ತಿಳಿಯುವಂತಿಲ್ಲ. ತಿಳಿಯಬಾರದೆಂದೇ ಅದನ್ನು ಹಾಗೆ ಮಾಡಿರುವುದು. ಆ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲಿಯೇ ಕೇಳಿ:

"ನಮ್ಮತ್ತೆ ಹಾಸಿಗೆ ಹಿಡಿದಿದ್ರು. ಮಗನಿಗೆ ಎರಡು ವರ್ಷ, ಮೈ ಕಾದ ಹೆಂಚಾಗಿತ್ತು. ಗದ್ದೆಗೆ ನೀರಿನ ಸರದಿ ರಾತ್ರಿ ಎರಡು ಗಂಟೆಗೆ. ಮಗನ್ನ ಪಕ್ಕದ ಮನೆ ಅಕ್ಕನ ಕೈಗೆ ಕೊಟ್ಟು, ಲಾಟೀನು ಹಿಡ್ಕೊಂಡು ಒಬ್ಳೇ ಕಾಲುವೆ ಮೇಲೆ ಹೋಗಿ ನೀರು ತಿರುಗಿಸಿ ಬಂದೆ. ಬೆಳಗ್ಗೆ ರೇಡಿಯೋದಲ್ಲಿ ಇಂಥಾ ಬೆಟ್ಟ ಗೆದ್ರು, ಇಷ್ಟು ಜನ ಹೋದ್ರು ಅಂತ ಹೇಳೋರು. ಅಂಚೆಯವನು ಸೈಕಲ್ ಬೆಲ್ಲು ಹೊಡೆದ್ರೆ ಕಾಲಲ್ಲಿ ಬಲ ಇರ್ತಿರ್ಲಿಲ್ಲ. ಅವನು ನಮ್ಮನೆ ದಾಟಿ ಹೋದ್ರೆ, ಕಾಗದ ಬರ್ಲಿಲ್ಲ ಅಂತ ಅಳೋದೋ, ತಂತಿ ಬರ್ಲಿಲ್ಲ ಅಂತ ಕೈಮುಗಿಯೋದೋ ಗೊತ್ತಾಗ್ತಿರ್ಲಿಲ್ಲ."

ಹವಾಲ್ದಾರರು ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಈ ಮಾತನ್ನು ಕೇಳಿರಲಿಲ್ಲವಂತೆ. "ಯಾವತ್ತೂ ಹೇಳಲಿಲ್ಲವಲ್ಲ" ಎಂದರು. "ನೀವು ಕೇಳಲಿಲ್ಲ" ಎಂದರು ಆಕೆ.

ಐದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಂಡ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕದ್ದನ್ನು ಹಿಂದಿರುಗಿಸಿ ಬರುವಂತೆ ಹೆಂಡತಿ ಎಚ್ಚರಿಸಿದಳು. ಆ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಆಸೆ ಸಲ್ಲದೆಂಬ ನೀತಿಯನ್ನೇ ಎತ್ತಿ ತೋರಿದ್ದೇನೆ. ಅಂದು ಮರಳ ಮೇಲೆ ಕುಳಿತಾಗ ಅದರ ಇನ್ನೊಂದು ಮುಖ ಹೊಳೆಯಿತು. ಅಕ್ಕಿ ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ತಿಳಿದದ್ದಾದರೂ ಹೇಗೆ? ಗಂಡನ ಕಾಯಕದ ಅಳತೆ ಅವಳಿಗೆ ಗೊತ್ತಿತ್ತು. ಅವನ ದಿನವೊಂದರ ದುಡಿಮೆ ಎಷ್ಟು, ದಣಿವು ಎಷ್ಟು ಎಂಬುದು ತಿಳಿದಿದ್ದರಿಂದಲೇ ಅವಳು ತಿದ್ದಬಲ್ಲವಳಾದಳು. ಒಬ್ಬರ ಕಾಯಕದ ಅಳತೆ ಇನ್ನೊಬ್ಬರಿಗೆ ತಿಳಿಯದ ಮನೆಯಲ್ಲಿ ಪ್ರೀತಿಯಿದ್ದರೂ ಅದು ಕುರುಡಾಗಿರುತ್ತದೆ.

ಇನ್ನು ನನ್ನ ತಪ್ಪಿನ ವಿಚಾರ.

ಊಟವಾದ ಮೇಲೆ ಆ ಸೊಸೆ ನನ್ನ ಬಳಿ ಬಂದು, ಅತ್ತೆಗೆ ಕೇಳಿಸದಂತೆ ಮೆಲ್ಲನೆ, "ಬುದ್ಧಿ, ಅವರ ಕಾಗದಪತ್ರ ಯಾವುವು, ಎಲ್ಲಿವೆ, ನನ್ನ ಹೆಸರು, ಮಗು ಹೆಸರು ದಂಡಿನಲ್ಲಿ ಬರೆಸಿದ್ದಾರಾ, ಯಾವುದೂ ನಂಗೆ ಗೊತ್ತಿಲ್ಲ. ಕೇಳಿದ್ರೆ ಅತ್ತೆ ಅಪಶಕುನ ಅಂತ ಬಾಯಿ ಮುಚ್ಚಿಸ್ತಾರೆ. ಕೇಳೋದು ತಪ್ಪಾ?" ಎಂದಳು. ಆಗ ನಾನು ಕೊಟ್ಟ ಉತ್ತರ: "ಇವತ್ತು ಮಗುವಿನ ಮುಡಿಯ ಶುಭದಿನ ತಾಯಿ. ಇಂಥ ಮಾತು ಇವತ್ತು ಬೇಡ." ಆಕೆ ತಲೆತಗ್ಗಿಸಿ ಹೊರಟುಹೋದಳು.

ರಾತ್ರಿ ಮನೆಗೆ ಬಂದ ಮೇಲೆ ನಿದ್ರೆ ಹತ್ತಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಜಿಲ್ಲೆಯಲ್ಲಿ ನಾನು ಕಂಡ ಮನೆಯೊಂದು ಕಣ್ಣಮುಂದೆ ಬಂದಿತು. ರಜೆಯಲ್ಲಿ ಊರಿಗೆ ಬಂದಿದ್ದ ಸೈನಿಕನೊಬ್ಬ ರಸ್ತೆಯ ಅಪಘಾತದಲ್ಲಿ ತೀರಿಕೊಂಡ. ಮದುವೆಯಾಗಿ ವರ್ಷ ಕಳೆದಿದ್ದರೂ, ನಾಳೆ ನಾಳೆ ಎನ್ನುತ್ತ ಅದನ್ನು ಸೇವಾ ದಾಖಲೆಯಲ್ಲಿ ಬರೆಸಿರಲಿಲ್ಲ. ನಾಮನಿರ್ದೇಶನದಲ್ಲಿ ಇದ್ದದ್ದು ಮದುವೆಗೆ ಮುಂಚಿನ ಬರಹ. ಆ ಹುಡುಗಿ ತಾನು ಹೆಂಡತಿಯೆಂದು ಸಾಬೀತುಪಡಿಸಲು ಎರಡು ವರ್ಷ ಅಲೆದಳು. ಹಣಕ್ಕಾಗಿ ಓಡಾಡುತ್ತಾಳೆಂದು ಅತ್ತೆಮಾವ ತಿಳಿದರು; ಕಾಗದ ಬಚ್ಚಿಟ್ಟಿದ್ದಾರೆಂದು ಅವಳು ತಿಳಿದಳು. ಎರಡೂ ಕಡೆಯವರು ಕೆಟ್ಟವರಲ್ಲ. ಇಬ್ಬರೂ ನನ್ನ ಮುಂದೆ ಕುಳಿತು ಅತ್ತವರೇ. ಸತ್ತವನ ಮೇಲಿನ ಒಂದೇ ದುಃಖ ಎರಡು ಮನೆಗಳಾಗಿ ಒಡೆಯಿತು. ಇದನ್ನು ಕಣ್ಣಾರೆ ಕಂಡ ನಾನೇ ಆ ಹೆಣ್ಣುಮಗಳ ಬಾಯಿ ಮುಚ್ಚಿಸಿದೆನಲ್ಲ!

ಮೂರು ದಿನ ಬಿಟ್ಟು ಅವರ ಮನೆಗೆ ಹೋದೆ. ಹವಾಲ್ದಾರ ದಂಪತಿಗಳನ್ನು ಕೂರಿಸಿಕೊಂಡು, ನಾನು ಅಂದು ಹೇಳಿದ್ದು ತಪ್ಪೆಂದು ಮೊದಲು ಒಪ್ಪಿಕೊಂಡೆ. ೨೦೧೬ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯಲ್ಲಿ, ೧೯ ಸಾವಿರ ಅಡಿಗಿಂತಲೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದದ್ದನ್ನು ನೆನಪಿಸಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ್ ಆರು ದಿನಗಳ ಮೇಲೆ ಜೀವಸಹಿತ ದೊರೆತಾಗ ನಾಡಿಗೆ ನಾಡೇ ಪ್ರಾರ್ಥಿಸಿತು. ಫೆಬ್ರವರಿ ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಹಾಸನದ ತೇಜೂರಿನ ನಾಗೇಶ್, ಎಚ್.ಡಿ. ಕೋಟೆಯ ಕಡೆಯ ಮಹೇಶ್ ಅದೇ ಹಿಮದಡಿಯಲ್ಲಿ ಹೋದವರು. "ಅಂಥ ಸಂಕಟವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅಂಥ ಗಳಿಗೆಯಲ್ಲಿ ಹೆಣ್ಣುಮಗಳೊಬ್ಬಳು ಕಾಗದಕ್ಕಾಗಿ ಅಲೆಯದಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ" ಎಂದೆ.

ಹವಾಲ್ದಾರರು ಎದ್ದುಹೋಗಿ ತಮ್ಮ ಹಳೆಯ ಕಪ್ಪು ಟ್ರಂಕನ್ನು ತಂದು ನಡುಮನೆಯಲ್ಲಿಟ್ಟರು. ಅತ್ತೆ ಒಂದು ಕ್ಷಣ ತಡೆದು, ತಾವೇ ಅದರ ಬೀಗದ ಕೈಯನ್ನು ಸೊಸೆಯ ಕೈಗಿತ್ತರು. ಆ ಸಂಜೆ ಮಗನಿಗೂ ಫೋನ್ ಮಾಡಿ ಒಂದೊಂದಾಗಿ ಕೇಳಿ ಬರೆದುಕೊಂಡರು. ಮದುವೆಯ ವಿವರ ದಾಖಲಾಗಿತ್ತು. ಮಗು ಹುಟ್ಟಿ ಒಂದೂವರೆ ವರ್ಷವಾಗಿದ್ದರೂ ಅದರ ಹೆಸರು ದಾಖಲಾಗಿರಲಿಲ್ಲ. "ಮುಂದಿನ ರಜೆಗೆ ಬಂದಾಗ ಜನನಪತ್ರ ತಗೊಂಡು ಹೋಗೋಣ ಅಂತಿದ್ದೆ" ಎಂದನಂತೆ ಮಗ. ಮರುದಿನವೇ ಜನನಪತ್ರದ ಪ್ರತಿ ಹೊರಟಿತು.

ಸೈನಿಕರ ಮನೆಗಳಿಗೆ ಉಪಯುಕ್ತವಾಗಲೆಂದು ಆ ಸಂಜೆ ನಾವು ಪರಿಶೀಲಿಸಿದ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಸೈನಿಕನ ಮದುವೆ, ಮಕ್ಕಳ ಜನನ ಇವು ಆತನ ಪಡೆಯಲ್ಲಿ 'ಭಾಗ ಎರಡರ ಆದೇಶ' ಎಂಬ ರೂಪದಲ್ಲಿ ದಾಖಲಾಗಬೇಕು. ಮುಂದೆ ಕುಟುಂಬ ಪಿಂಚಣಿಗೆ ಅದೇ ಆಧಾರ. ವಿಮೆ, ಭವಿಷ್ಯನಿಧಿಗಳ ನಾಮನಿರ್ದೇಶನವನ್ನು ಮದುವೆಯಾದೊಡನೆ ಹೊಸದಾಗಿ ಬರೆಸಬೇಕು. ಬ್ಯಾಂಕಿನ ಖಾತೆಯಲ್ಲಿ ಪತ್ನಿಯ ಹೆಸರೂ ಕೂಡಿರುವುದು ಒಳ್ಳೆಯದು. ಆಧಾರ್, ವಿವಾಹಪತ್ರ, ಸೇವಾ ದಾಖಲೆ ಎಲ್ಲದರಲ್ಲಿಯೂ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಮಂಜುಳ, ಇನ್ನೊಂದರಲ್ಲಿ ಮಂಜುಳಮ್ಮ ಎಂದಿದ್ದರೆ ಆ ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಓಡಾಡಬೇಕಾದೀತು. ಗಂಡನ ಸೇವಾ ಸಂಖ್ಯೆ, ಪಡೆಯ ಹೆಸರು, ದಾಖಲೆ ಕಚೇರಿಯ ವಿಳಾಸಗಳನ್ನು ಹೆಂಡತಿ ಬಾಯಿಪಾಠವಾಗಿ ತಿಳಿದಿರಬೇಕು. ನಿವೃತ್ತರ ಮನೆಗಳಲ್ಲಿ ಪಿಂಚಣಿ ಆದೇಶಪತ್ರದಲ್ಲಿ ಪತ್ನಿಯ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ವೃದ್ಧ ತಾಯಿತಂದೆಗಳ ಪಾಲನೆಯ ವಿಚಾರವನ್ನೂ ಮಗನು ಬದುಕಿ ಬಾಳುತ್ತಿರುವಾಗಲೇ ಎಲ್ಲರೂ ಕೂಡಿ ಕುಳಿತು ಮಾತಾಡಿಕೊಂಡರೆ, ಸೊಸೆಗೂ ಅತ್ತೆಗೂ ಪರಸ್ಪರ ಸಂಶಯವಿರುವುದಿಲ್ಲ. ತಿಳಿಯದ್ದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಸೈನಿಕರ ಪತ್ನಿಯರ ಕ್ಷೇಮಕ್ಕಾಗಿ ೧೯೬೬ರಲ್ಲಿ ಸ್ಥಾಪಿತವಾದ 'ಆವಾ' ಸಂಸ್ಥೆಯೂ ಉಂಟು.

ಅಪಶಕುನದ ಮಾತು ಬಂದುದರಿಂದ ಹೇಳುತ್ತೇನೆ. ಬಾವಿಗೆ ಕಟ್ಟೆ ಕಟ್ಟುವವನು ಮಗು ಬೀಳಲೆಂದು ಕಟ್ಟುವನೇ? ಕಾಗದವನ್ನು ಸರಿಮಾಡಿಕೊಂಡದ್ದರಿಂದ ಯಾರ ಆಯುಷ್ಯವೂ ಕುಂದುವುದಿಲ್ಲ. ಮನೆಯ ಕಡೆ ಎಲ್ಲವೂ ನೇರವಾಗಿದೆಯೆಂದು ತಿಳಿದ ಯೋಧನು ಠಾಣೆಯಲ್ಲಿ ನಿಶ್ಚಿಂತೆಯಿಂದ ನಿಲ್ಲುತ್ತಾನೆ. ಕೆಂಪು ಟವೆಲ್ಲಿನವನು ಬಿದಿರುಮೆಳೆಯ ಹಿಂದೆ ಕುಳಿತದ್ದು ಆ ತಾಯಿಯ ಮನಸ್ಸು ಅಳುವ ಮಗುವಿನತ್ತ ಹೊರಳಿದಾಗ. ಗಡಿಯಲ್ಲಿರುವ ಗಂಡನಿಗೂ ಇದೇ ಮಾತು ಸಲ್ಲುವುದಲ್ಲವೇ?

ಆದುದರಿಂದ ನಮ್ಮ ಸೈನಿಕರ ಮನೆಗಳಿಗೂ ಮಹಿಳಾ ಬಳಗಗಳಿಗೂ ನನ್ನದೊಂದು ಅರಿಕೆ. ಸೈನಿಕನಿಗೆ ವರ್ಷಕ್ಕೆ ೬೦ ದಿನಗಳ ವಾರ್ಷಿಕ ರಜೆ, ೩೦ ದಿನಗಳ ಸಾಂದರ್ಭಿಕ ರಜೆ ಇರುತ್ತದೆ. ಕರೆ ಬಂದರೆ ಅದೂ ಮೊಟಕಾಗುತ್ತದೆ. ನೆಂಟರ ಮನೆಯ ಊಟೋಪಚಾರಗಳಲ್ಲಿಯೇ ಅದನ್ನೆಲ್ಲ ಕಳೆಯದೆ ಮೂರು ದಿನಗಳನ್ನ ತೆಗೆದಿಡಿ. ಒಂದು ದಿನ ಆಕೆ ಆತನ ಹೊರೆಯನ್ನು ಹೊತ್ತು ನೋಡಲಿ. ಒಂದು ದಿನ ಆತನು ಬೆಳಗಿನ ಜಾವದಿಂದ ರಾತ್ರಿಯವರೆಗೆ, ಮಗುವಿನ ಸ್ನಾನ, ಹಿರಿಯರ ಔಷಧಿ, ಗದ್ದೆಯ ನೀರು, ಸಹಕಾರ ಸಂಘದ ಸಾಲಿನಲ್ಲಿ ನಿಲ್ಲುವುದು ಇವನ್ನೆಲ್ಲ ಆಕೆಯ ಸಹಾಯವಿಲ್ಲದೆ ಮಾಡಲಿ. ಮೂರನೆಯ ದಿನ ಅತ್ತೆ, ಮಾವ, ಮಗ, ಸೊಸೆ ನಾಲ್ವರೂ ಟ್ರಂಕಿನ ಸುತ್ತ ಕುಳಿತುಕೊಳ್ಳಲಿ.

ಮುತ್ತತ್ತಿಯ ಮಡುವಿನಲ್ಲಿ ಬಿದ್ದ ಮುತ್ತು ತಾನಾಗಿ ತೇಲಿ ಬರಲಿಲ್ಲ, ನೀರನ್ನು ಕಲಕಬೇಕಾಯಿತು. ನಮ್ಮ ಮನೆಗಳ ಮಾತುಗಳೂ ಹಾಗೆಯೇ ಇವೆ. ಇಪ್ಪತ್ತೈದು ವರ್ಷ ಹೆಂಡತಿಯ ಎದೆಯಲ್ಲಿದ್ದ ಒಂದು ರಾತ್ರಿಯ ಕಥೆಯನ್ನು ಗಂಡ ಕೇಳಿದ್ದು ಆ ಮರಳ ಮೇಲೆ. ಕಳೆದ ವಾರ ಹವಾಲ್ದಾರರು ಬಂದಿದ್ದರು. ಈಗ ಗದ್ದೆಯ ನೀರಿಗೆ ರಾತ್ರಿ ತಾವೇ ಹೋಗುತ್ತಾರಂತೆ, ಹಿಂದೆಯೇ ಹೆಂಡತಿ ಲಾಟೀನಿನ ಬದಲು ಟಾರ್ಚು ಹಿಡಿದು ಬರುತ್ತಾರಂತೆ. ಮಗುವಿನ ಹೆಸರು ದಾಖಲಾಗಿದೆಯೆಂದು ಮಗನಿಂದ ಸುದ್ದಿ ಬಂದಿದೆ. ಈಗಲೂ ಆತನ ಫೋನು ಎರಡೇ ನಿಮಿಷವಂತೆ. ಆದರೆ ಸೊಸೆ ಅದಕ್ಕಾಗಿ ಅಳುವುದಿಲ್ಲ; ಆತನ ಊಟ, ನಿದ್ರೆ ಆಯಿತೇ ಎಂದು ಮೊದಲು ಆಕೆಯೇ ಕೇಳುತ್ತಾಳಂತೆ.